ನಮ್ಮೂರಿಗೆ ಸರ್ಕಾರಿ ಹೈಸ್ಕೂಲು ಬೇಕು. ಮೂರು ವರ್ಷದಿಂದ ಫೈಲು ಓಡಾಡುತ್ತಿದೆ, ಏನು ಮಾಡಬೇಕು ಹೇಳಿ

ಕೆರೆಕೋಡಿ
ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಒಂದು ಹಳ್ಳಿಯವನು. ಊರ ಹೆಸರು ಸದ್ಯಕ್ಕೆ ಬೇಡ. ನಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಇದ್ದೇನೆ. ನಮ್ಮಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಸರ್ಕಾರಿ ಶಾಲೆ. ಎಂಟಕ್ಕೆ ಹೋಬಳಿಗೆ ಹೋಗಬೇಕು. ಸುತ್ತಲಿನ ನಾಲ್ಕು ಹಳ್ಳಿಯ ಮಕ್ಕಳಿಗೂ ಇದೇ ಪಾಡು.

ಮೊದಲು ಮಕ್ಕಳು ಕೆರೆ ಅಂಗಳದಲ್ಲಿ ಅಡ್ಡ ಹಾಯ್ದು ಹೋಗುತ್ತಿದ್ದರು. ಎಷ್ಟೋ ವರ್ಷ ಕೆರೆಯಲ್ಲಿ ನೀರೇ ಇರಲಿಲ್ಲ, ಜಾಲಿ ಗಿಡಗಳ ನಡುವೆ ಕಾಲುದಾರಿ ಬಿದ್ದಿತ್ತು. ಆಗ ನಾಲ್ಕೂವರೆ ಕಿಲೋಮೀಟರ್. ಈಗ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ಕೊಳಚೆ ನೀರು ಬಂದು ಕೆರೆ ತುಂಬಿದೆ. ತುಂಬಿದ್ದು ಒಳ್ಳೆಯದೇ, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಆದರೆ ದಾರಿ ಮುಳುಗಿತು. ರಸ್ತೆ ಸುತ್ತಿಕೊಂಡು ಹೋದರೆ ಹತ್ತಿರ ಹತ್ತಿರ ಏಳು ಕಿಲೋಮೀಟರ್ ಆಗುತ್ತದೆ. ಆಫೀಸಿನ ಕಾಗದದಲ್ಲಿ ಮಾತ್ರ ಇವತ್ತಿಗೂ ನಾಲ್ಕೂವರೆ! ಐದರೊಳಗೆ ಇದೆ, ಹಾಗಾಗಿ ಹೊಸ ಹೈಸ್ಕೂಲು ಕೊಡಲು ಬರುವುದಿಲ್ಲ ಎಂದು ಹಿಂಬರಹ ಕೊಟ್ಟರು.

ಅದು ಒಂದು ಕಡೆ. ಇನ್ನೊಂದು ಕಡೆ ರಾಜಕೀಯ. ಪಕ್ಕದ ಊರಿನ ಮುಖಂಡರೊಬ್ಬರು ಶಾಲೆ ಬಂದರೆ ನಮ್ಮೂರಿಗೇ ಬರಬೇಕು ಎನ್ನುತ್ತಾರೆ. ನಮ್ಮೂರ ಗೋಮಾಳದಲ್ಲಿ ಎರಡು ಎಕರೆ ನೋಡಿದ್ದೆವು, ಅಲ್ಲಿ ಒಬ್ಬರು ರಾಗಿ ಬಿತ್ತಿ, ಸಾಗುವಳಿ ಸಕ್ರಮ ಮಾಡಿಕೊಡಿ ಎಂದು ಫಾರಂ 57ರಲ್ಲಿ ಅರ್ಜಿ ಹಾಕಿದ್ದೇನೆ, ಇದು ನನ್ನದು ಎಂದು ಕೂತಿದ್ದಾರೆ. 2021ರ ಕೊನೆಯಲ್ಲಿ ಮನವಿ ಕೊಟ್ಟೆವು. 2023ರ ಮಾರ್ಚ್‌ನಲ್ಲಿ ಇನ್ನೇನು ಮೇಲಕ್ಕೆ ಹೋಗುತ್ತದೆ ಅನ್ನುವಾಗ ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಬಂತು, ಫೈಲು ನಿಂತಿತು. ಆಮೇಲೆ ಕೇಳಿದರೆ, ಅದು ಹಳಬರ ಕಾಲದ ಫೈಲು, ಹೊಸದಾಗಿ ಕೊಡಿ ಎಂದರು. ಹೊಸದು ಕೊಟ್ಟೆವು. 2024ರಲ್ಲಿ ಲೋಕಸಭೆಯ ನೀತಿ ಸಂಹಿತೆ.

ನಮ್ಮ ಎದುರು ಮನೆಯ ಹುಡುಗಿ ಏಳನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದಳು. ಹೋಬಳಿಗೆ ಎರಡು ತಿಂಗಳು ಹೋದಳು, ಬಿಟ್ಟಳು. ಈಗ ಟೊಮೊಟೊ ಬಿಡಿಸಲು ಕೂಲಿಗೆ ಹೋಗುತ್ತಾಳೆ. ಶಾಲೆಯ ಬ್ಯಾಗಿನಲ್ಲೇ ಬುತ್ತಿ ಹಾಕಿಕೊಂಡು ಹೋಗುತ್ತಾಳೆ. ದಿನಾ ಬೆಳಗ್ಗೆ ನೋಡುತ್ತೇನೆ, ಸಹಿಸಲು ಆಗುವುದಿಲ್ಲ. ಗೊತ್ತಿರುವವರು ದಾರಿ ಹೇಳಿ.

ಮಾಲೂರಿನವ
ಎಂಎಲ್‌ಎ ಮನೆ ಮುಂದೆ ಊರಿನವರೆಲ್ಲ ಹೋಗಿ ಕೂತುಬಿಡಿ ಅಣ್ಣ. ಒಂದೇ ದಿನದಲ್ಲಿ ಆಗುತ್ತೆ.

ಕೆರೆಕೋಡಿ
ಎರಡು ಸಲ ಹೋಗಿದ್ದೇವೆ. ಕಾಫಿ ಕೊಟ್ಟು ಮಾತಾಡಿಸಿ ಕಳಿಸಿದರು. ಮಾಡೋಣ ಎಂದರು.

ಕಾನೂನು ವಿದ್ಯಾರ್ಥಿ
ಇದಕ್ಕೆ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009 ಇದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೈಸ್ಕೂಲು ನಿಮ್ಮ ಹಕ್ಕು. ಕೋರ್ಟಿಗೆ ಹೋಗಿ.

ನಿವೃತ್ತ ಮೇಷ್ಟ್ರು
ತಮ್ಮಾ, ಅರ್ಧ ಸರಿ, ಅರ್ಧ ತಪ್ಪು. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿಯವರೆಗೆ. ಒಂಬತ್ತು, ಹತ್ತು ಅದರಲ್ಲಿ ಬರುವುದಿಲ್ಲ. ಐದು ಕಿಲೋಮೀಟರ್ ಒಳಗೆ ಹೈಸ್ಕೂಲು ಇರಬೇಕು ಅನ್ನುವುದು 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಗುರಿ. 2018ರಲ್ಲಿ ಅದು ಸಮಗ್ರ ಶಿಕ್ಷಣದೊಳಗೆ ಸೇರಿಕೊಂಡಿತು. ಗುರಿ ಬೇರೆ, ಹಕ್ಕು ಬೇರೆ. ಗುರಿ ಹಿಡಿದುಕೊಂಡು ಕೋರ್ಟಿಗೆ ಹೋದರೆ ದುಡ್ಡೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ.

ಆದರೆ ಎಂಟನೇ ತರಗತಿ ಇದೆಯಲ್ಲ, ಅದು ಗಟ್ಟಿ. ನಮ್ಮ ರಾಜ್ಯದ ನಿಯಮದಲ್ಲಿ 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಕೆರೆಕೋಡಿಯವರೇ, ನಿಮ್ಮದು ನಾಲ್ಕೂವರೆ ಅಂತ ಅವರೇ ಬರೆದುಕೊಟ್ಟಿದ್ದಾರೆ ಅಲ್ವಾ? ಆ ಹಿಂಬರಹವನ್ನು ಜೋಪಾನವಾಗಿ ಇಡಿ. ಹೈಸ್ಕೂಲು ಕೊಡಲ್ಲ ಎಂದು ಬರೆದ ಆ ಕಾಗದವೇ ಎಂಟನೇ ತರಗತಿ ಕೊಡಲೇಬೇಕು ಎನ್ನುವುದಕ್ಕೆ ಸಾಕ್ಷಿ. ನಿಮ್ಮ ಹಿರಿಯ ಪ್ರಾಥಮಿಕ ಶಾಲೆಗೇ ಎಂಟನೇ ತರಗತಿ ಕೇಳಿ. ಎಷ್ಟೋ ಊರಿನಲ್ಲಿ ಹೀಗೆಯೇ ಕೊಟ್ಟಿದ್ದಾರೆ. ಕಟ್ಟಡ ಬೇಡ, ಗೋಮಾಳ ಬೇಡ, ಪಕ್ಕದೂರಿನವರ ಒಪ್ಪಿಗೆ ಬೇಡ. ಒಂದು ಕೊಠಡಿ, ಒಬ್ಬರು ಮೇಷ್ಟ್ರು. ಎಂಟನೇ ತರಗತಿ ಓದುವ ಮಕ್ಕಳು ಕಣ್ಣೆದುರು ಇದ್ದರೆ, ಮುಂದಿನ ವರ್ಷ ಒಂಬತ್ತು ಎಲ್ಲಿ ಅನ್ನುವ ಪ್ರಶ್ನೆ ತಾನಾಗೇ ಬರುತ್ತದೆ.

ಕಾನೂನು ವಿದ್ಯಾರ್ಥಿ
ಸರಿ ಮೇಷ್ಟ್ರೇ, ಒಪ್ಪಿದೆ. ಎಂಟರವರೆಗೆ ಅಂತ ಬರೆಯಬೇಕಿತ್ತು.

ಕೆರೆಕೋಡಿ
ಮೇಷ್ಟ್ರೇ, ಮೂರು ವರ್ಷದಲ್ಲಿ ಈ ಮಾತು ಯಾರೂ ಹೇಳಲಿಲ್ಲ. ನಾವು ಹೈಸ್ಕೂಲು, ಹೈಸ್ಕೂಲು ಅಂತಲೇ ಕೇಳಿಕೊಂಡು ಬಂದೆವು.

ಹುಣಸೆತೋಪು
ತುಮಕೂರು ಜಿಲ್ಲೆಯಿಂದ ಬರೆಯುತ್ತಿದ್ದೇನೆ. ನಮ್ಮದೂ ಇದೇ ಕಥೆ, ನಿಮಗಿಂತ ಉದ್ದ. ನಮ್ಮೂರು, ಪಕ್ಕದೂರು ಎರಡೂ ಶಾಲೆಗೆ ಕಿತ್ತಾಡಿ ಆರು ವರ್ಷ ಕಳೆದೆವು. ಯಾರ ಹತ್ತಿರ ಹೋದರೂ, ನೀವಿಬ್ಬರೂ ಒಂದಾಗಿ ಬನ್ನಿ ಆಮೇಲೆ ನೋಡೋಣ ಅನ್ನುತ್ತಿದ್ದರು. ನಾವು ಒಂದಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಊರಿಗೆ ಕೊಟ್ಟರೆ ಇನ್ನೊಂದು ಊರಿನ ಓಟು ಹೋಗುತ್ತದೆ. ಯಾರಿಗೂ ಕೊಡದಿದ್ದರೆ ಎರಡೂ ಊರಿನವರು ಆಸೆಯಿಂದ ಓಟು ಹಾಕುತ್ತಾರೆ.

ಕೊನೆಗೆ ಬಗೆಹರಿಸಿದ್ದು ಗಂಡಸರಲ್ಲ. ಎರಡೂ ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಒಂದು ಭಾನುವಾರ ಹುಣಸೆ ತೋಪಿನಲ್ಲಿ ಸೇರಿದರು. ಅಲ್ಲಿ ಜಗಳವೂ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಎರಡೂ ಊರಿನ ಗಡಿಯಲ್ಲಿ, ನಡುಮಧ್ಯೆ ಶಾಲೆ ಆಗಲಿ, ಬೋರ್ಡಿನಲ್ಲಿ ಎರಡೂ ಊರಿನ ಹೆಸರು ಇರಲಿ ಎಂದು ತೀರ್ಮಾನ ಮಾಡಿದರು. ನಡುಮಧ್ಯೆ ಎಲ್ಲಿ? ಅದಕ್ಕೂ ತಕರಾರು. ಒಬ್ಬ ಹುಡುಗ ಸೈಕಲ್ ತಂದ. ಹಿಂದಿನ ಚಕ್ರಕ್ಕೆ ಒಂದು ತುಂಡು ಕೆಂಪು ಬಟ್ಟೆ ಕಟ್ಟಿದೆವು. ಸೈಕಲ್ ತಳ್ಳಿಕೊಂಡು ಒಂದು ಊರಿನ ಮಾರಮ್ಮನ ಗುಡಿಯಿಂದ ಇನ್ನೊಂದು ಊರಿನ ಅರಳಿಕಟ್ಟೆಯವರೆಗೆ ಹೋದೆವು. ಬಟ್ಟೆ ಮೇಲೆ ಬಂದಾಗಲೆಲ್ಲ ಎರಡೂ ಊರಿನ ಒಬ್ಬೊಬ್ಬ ಹೆಂಗಸು ಜೋರಾಗಿ ಎಣಿಸಬೇಕು. ನೂರಾದರೆ ಸೆರಗಿನಲ್ಲಿ ಒಂದು ಹುಣಸೆ ಬೀಜ ಹಾಕಿಕೊಳ್ಳಬೇಕು. ಕೊನೆಗೆ ಇಬ್ಬರ ಬೀಜವೂ ಸಮ ಇತ್ತು. ಅದರ ಅರ್ಧಕ್ಕೆ ವಾಪಸ್ ಬಂದು ಕಲ್ಲು ನೆಟ್ಟೆವು.

ಹಾಗಾಗಿ ನಿಮ್ಮ ದಾರಿಯನ್ನು ನೀವೇ ಮೊದಲು ಅಳೆಯಿರಿ. ಆಮೇಲೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಅರ್ಜಿ ಹಾಕಿ ರಸ್ತೆಯ ದೂರದ ಪತ್ರ ತೆಗೆದುಕೊಳ್ಳಿ. ಎಂಜಿನಿಯರ್ ಸಹಿ ಇದ್ದರೆ ಆ ಹಳೆಯ ನಾಲ್ಕೂವರೆ ನಿಲ್ಲುವುದಿಲ್ಲ.

ರೇಷ್ಮೆಗೂಡು
ಬೀಜದ ಲೆಕ್ಕ ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಶಿಡ್ಲಘಟ್ಟ ಕಡೆ ಅಜ್ಜಿಯರು ಗೂಡಿನ ಲೆಕ್ಕವನ್ನು ಹೀಗೇ ಇಡುತ್ತಿದ್ದರು.

ಬೆಂಗಳೂರಲ್ಲಿರುವ ಕೋಲಾರದವ
ಬೇಜಾರಾದರೂ ಪರವಾಗಿಲ್ಲ, ನಾನೊಂದು ಮಾತು ಹೇಳುತ್ತೇನೆ. ಊರಿಗೊಂದು ಹೈಸ್ಕೂಲು ಏಕೆ ಬೇಕು? ಇಪ್ಪತ್ತು ಮಕ್ಕಳು, ಇಬ್ಬರು ಅತಿಥಿ ಶಿಕ್ಷಕರು, ಲ್ಯಾಬ್ ಇಲ್ಲ, ಆಟದ ಮೈದಾನ ಇಲ್ಲ. 2018-19ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಶುರು ಮಾಡಿದರಲ್ಲ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಹೋಬಳಿಗೆ ಅಂಥದ್ದು ಒಂದು ಇರಲಿ, ಹಳ್ಳಿಗಳಿಗೆ ಬಸ್ ಬಿಡಲಿ. ಅದನ್ನು ಕೇಳಿ. ನಾನು ಓದಿದ ಸಣ್ಣ ಶಾಲೆಯಲ್ಲಿ ಗಣಿತದ ಮೇಷ್ಟ್ರು ಎರಡು ವರ್ಷ ಇರಲೇ ಇಲ್ಲ, ಅದರ ನಷ್ಟ ನನಗೆ ಗೊತ್ತು.

ಗೌರಿಬಿದನೂರಿನವಳು
ಬಸ್ ಎಲ್ಲಿದೆ ಸಾರ್? 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಆಯಿತು, ಬಹಳ ಒಳ್ಳೆಯದಾಯಿತು, ನಾನೂ ಓಡಾಡುತ್ತೇನೆ. ಆದರೆ ಶಾಲೆ ಹೊತ್ತಿಗೆ ಬಸ್ಸೇ ಬರದ ಊರಿನಲ್ಲಿ ಫ್ರೀ ಆದರೇನು? ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ ಆರೂವರೆಯವರೆಗೆ ಬಸ್ ಇಲ್ಲ. ಹದಿಮೂರು ವರ್ಷದ ಹೆಣ್ಣುಮಗು ಎರಡು ಗಂಟೆ ಬಸ್ ಸ್ಟಾಪಿನಲ್ಲಿ ನಿಂತರೆ ಮನೆಯವರು ಎಷ್ಟು ದಿನ ಕಳಿಸುತ್ತಾರೆ? ಎಂಟನೇ ಕ್ಲಾಸಿಗೆ ಸೈಕಲ್ ಕೊಡುತ್ತಿದ್ದರು, ಕೋವಿಡ್ ಬಂದಾಗ ಅದೂ ನಿಂತಿತು.

ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. ದೊಡ್ಡವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಎಲ್ಲರೂ ವೇದಿಕೆ ಮೇಲೆ ಈ ಕಥೆ ಹೇಳಿ ಮಕ್ಕಳಿಗೆ ನಡೆಯಿರಿ ಅನ್ನುತ್ತಾರೆ. ಆದರೆ ಅವರು ಮುಂದೆ ಮಾಡಿದ್ದೇನು? ಗೌರಿಬಿದನೂರಿಗೆ, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು. ತಾನು ನಡೆದದ್ದು ಸಾಕು, ಮುಂದಿನವರು ನಡೆಯುವುದು ಬೇಡ ಎಂದು. ನಾನು ಆ ಕಾಲೇಜು ಹತ್ತಿರ ಇದ್ದದ್ದರಿಂದ ಓದಿದವಳು. ಬೆಂಗಳೂರಿನಲ್ಲೇ ಇದ್ದಿದ್ದರೆ ನನ್ನನ್ನು ಕಳಿಸುತ್ತಿರಲಿಲ್ಲ.

ಬೆಂಗಳೂರಲ್ಲಿರುವ ಕೋಲಾರದವ
ಹೆಣ್ಣುಮಕ್ಕಳ ವಿಷಯದಲ್ಲಿ ನೀವು ಹೇಳಿದ್ದು ನಿಜ ಅಕ್ಕ. ನಾನು ಗಂಡು ಹುಡುಗನಾಗಿ ಯೋಚನೆ ಮಾಡಿದೆ. ಆದರೂ ಮೇಷ್ಟ್ರಿಲ್ಲದ ಶಾಲೆ ಬೇಡ ಅನ್ನುವ ಮಾತು ಬಿಡುವುದಿಲ್ಲ. ಮಂಜೂರಾತಿ ಕೇಳುವಾಗಲೇ ಹುದ್ದೆಗಳನ್ನೂ ಸೇರಿಸಿ ಕೇಳಿ. ಶಾಲೆ ಮಂಜೂರಾಗಿ ಹುದ್ದೆ ಮಂಜೂರಾಗದ ಕಡೆ ಮಕ್ಕಳು ಬಹಳ ಕಷ್ಟ ಪಡುತ್ತಾರೆ.

ನಿವೃತ್ತ ಮೇಷ್ಟ್ರು
ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ತರಗತಿ ಮಂಜೂರಾತಿ, ಹುದ್ದೆ ಮಂಜೂರಾತಿ, ಕಟ್ಟಡದ ಅನುದಾನ, ಮೂರೂ ಬೇರೆ ಬೇರೆ ಕಡತ. ನಮ್ಮ ಜನ ಕಟ್ಟಡವನ್ನೇ ಶಾಲೆ ಅಂದುಕೊಳ್ಳುತ್ತಾರೆ. ರಾಜಕೀಯದವರಿಗೂ ಕಟ್ಟಡವೇ ಇಷ್ಟ, ಅದಕ್ಕೆ ಗುದ್ದಲಿ ಪೂಜೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ. ಹುದ್ದೆಗೆ ಪೂಜೆ ಇಲ್ಲ.

ಪಾವಗಡದ ಬಿಸಿಲು
ನಮ್ಮ ಕಡೆ ತಿರುಮಣಿ ಹತ್ತಿರ 13,000 ಎಕರೆ ಸೋಲಾರ್ ಪಾರ್ಕ್ ಆಯಿತು. 2,050 ಮೆಗಾವ್ಯಾಟ್. ಅಷ್ಟು ಜಾಗ ಹೊಂದಿಸಿದರು, ರೈತರಿಂದ ಗುತ್ತಿಗೆಗೆ ತೆಗೆದುಕೊಂಡರು, ಎಲ್ಲ ಸಲೀಸಾಗಿ ಆಯಿತು. ಒಂದು ಶಾಲೆಗೆ ಎರಡು ಎಕರೆ ಹುಡುಕಲು ಮೂರು ವರ್ಷ ಅಂದರೆ ಹೊಟ್ಟೆ ಉರಿಯುತ್ತದೆ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡಿನಲ್ಲಿ ಕೊಠಡಿ ಕಟ್ಟಿಸಬಹುದು, ಅದನ್ನೂ ನೋಡಿ. ಆದರೆ ಜಾಗ ಇಲಾಖೆ ಹೆಸರಿನಲ್ಲಿ ಇಲ್ಲದಿದ್ದರೆ ಅವರು ಮುಟ್ಟುವುದಿಲ್ಲ.

ಮಾಲೂರಿನವ
ಗೋಮಾಳದಲ್ಲಿ ರಾಗಿ ಬಿತ್ತಿದವರನ್ನು ಜೆಸಿಬಿ ತಂದು ಎಬ್ಬಿಸಬೇಕು ಅಷ್ಟೇ.

ಸರ್ವೆ ಕಲ್ಲು
ಜೆಸಿಬಿ ತಂದರೆ ಅಲ್ಲಿಗೆ ಶಾಲೆ ಮರೆತುಬಿಡಿ, ಪೊಲೀಸ್ ಸ್ಟೇಷನ್ ಅಲೆಯಬೇಕಾಗುತ್ತದೆ. ನಾನು ಕಂದಾಯ ಇಲಾಖೆಯಲ್ಲಿ ಇದ್ದವನು, ನಿಧಾನವಾಗಿ ಕೇಳಿ.

ಫಾರಂ 57ರಲ್ಲಿ ಅರ್ಜಿ ಹಾಕಿದರೆ ಜಮೀನು ಮಂಜೂರಾದಂತೆ ಅಲ್ಲ. ಅರ್ಜಿ ಬಗರ್‌ಹುಕುಂ ಸಮಿತಿಗೆ ಹೋಗುತ್ತದೆ. ಆ ಸಮಿತಿಯ ಅಧ್ಯಕ್ಷರು ಕ್ಷೇತ್ರದ ಶಾಸಕರೇ. ಹಾಗಾಗಿ ನಿಮ್ಮ ಶಾಲೆ ಜಾಗದ ಪ್ರಶ್ನೆಯೂ, ಆ ರಾಗಿ ಹೊಲದವರ ಪ್ರಶ್ನೆಯೂ ಒಬ್ಬರ ಮುಂದೆಯೇ ಬರುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಈಗ ಗೊತ್ತಾಯಿತಲ್ಲ.

ಮಾಡಬೇಕಾದ್ದು ಇಷ್ಟು. ಮೊದಲು ಪಹಣಿ, ಸರ್ವೆ ನಕಾಶೆ ತೆಗೆಯಿರಿ. ಗ್ರಾಮ ಪಂಚಾಯಿತಿಯಲ್ಲಿ ಶಾಲೆಗೆ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಜಾಗ ಬೇಕು ಎಂದು ನಡಾವಳಿ ಮಾಡಿಸಿ. ಸುಮ್ನೆ ಶಾಲೆಗೆ ಜಾಗ ಎಂದು ಬರೆಯಬೇಡಿ, ಚಕ್ಕುಬಂದಿ, ಅಂದರೆ ನಾಲ್ಕು ಕಡೆಯ ಗಡಿ ಬರೆಯಿರಿ. ಭೂ ಕಂದಾಯ ಕಾಯ್ದೆ 1964ರ 71ನೇ ಕಲಂನಲ್ಲಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಕೆಲಸಕ್ಕೆ ಕಾಯ್ದಿರಿಸಬಹುದು. ಆ ಪ್ರಸ್ತಾವನೆ ತಹಶೀಲ್ದಾರ್ ಕಡೆಯಿಂದ ಮೇಲಕ್ಕೆ ಹೋಗಬೇಕು. ಜೊತೆಗೆ ಆ ರಾಗಿ ಹೊಲದವರ ಹತ್ತಿರ ಹೋಗಿ ಕೂತು ಮಾತಾಡಿ. ಅವರಿಗೂ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಅದೇ ಸರ್ವೆ ನಂಬರಿನಲ್ಲಿ ಬೇರೆ ಮೂಲೆ ಇದೆಯೇ ನೋಡಿ. ಹದ್ದುಬಸ್ತು, ಅಂದರೆ ಸರ್ವೆಯವರು ಬಂದು ಗಡಿ ಗುರುತಿಸುವುದು, ಆಗದೆ ಒಂದು ಬೇಲಿ ಕಲ್ಲನ್ನೂ ಮುಟ್ಟಬೇಡಿ.

ಚಿಂತಾಮಣಿ ಸಂತೆ
ಜಿಲ್ಲಾ ಪಂಚಾಯಿತಿ ಸದಸ್ಯರು ಇದ್ದಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ. 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಳೇ ಕಳೆದರೂ ಚುನಾವಣೆ ನಡೆಸಲಿಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಎಲ್ಲದಕ್ಕೂ ಎಂಎಲ್‌ಎ ಒಬ್ಬರೇ ಬಾಗಿಲು ಆಗಿಬಿಟ್ಟಿದೆ.

ಹುಣಸೆತೋಪು
ನಮಗೆ ಸದಸ್ಯರು ಇದ್ದಾಗಲೂ ಆಗಲಿಲ್ಲ ಸ್ವಾಮಿ. ಅವರೂ ಪಕ್ಕದ ಊರಿನವರೇ ಆಗಿದ್ದರು.

ಚಿಂತಾಮಣಿ ಸಂತೆ
ಇರಬಹುದು. ಆದರೂ ಕೇಳಲು ಇನ್ನೊಬ್ಬರು ಇರುತ್ತಾರೆ ಅಲ್ವಾ. ಅದನ್ನೇ ಹೇಳಿದ್ದು.

ರೇಷ್ಮೆಗೂಡು
ಮಕ್ಕಳ ಗ್ರಾಮಸಭೆ ಮರೆಯಬೇಡಿ. ವರ್ಷಕ್ಕೊಮ್ಮೆ ನವೆಂಬರ್ ಹೊತ್ತಿಗೆ ಪಂಚಾಯಿತಿಯಲ್ಲಿ ಮಾಡುತ್ತಾರೆ. ನಮ್ಮಲ್ಲಿ ಒಬ್ಬಳು ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು ಶೌಚಾಲಯಕ್ಕೆ ಬಾಗಿಲು ಇಲ್ಲ ಎಂದಳು. ಎಲ್ಲ ಅಧಿಕಾರಿಗಳೂ ತಲೆ ತಗ್ಗಿಸಿದರು. ಹದಿನೈದು ದಿನದಲ್ಲಿ ಬಾಗಿಲು ಬಂತು. ದೊಡ್ಡವರು ಕೇಳಿದರೆ ಯಾವ ಪಾರ್ಟಿ ಎಂದು ನೋಡುತ್ತಾರೆ, ಮಕ್ಕಳಿಗೆ ಪಾರ್ಟಿ ಇಲ್ಲ. ಮಕ್ಕಳು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಲ್ಲೇ ನಿಂತು ಬರೆಸಿ. ಆಮೇಲೆ ನಕಲು ತೆಗೆದುಕೊಳ್ಳಿ.

ನಿವೃತ್ತ ಮೇಷ್ಟ್ರು
ಬಹಳ ಒಳ್ಳೆಯ ಸಲಹೆ. ಇನ್ನೊಂದು, ಮಕ್ಕಳ ಪಟ್ಟಿ ಮಾಡಿ. ಐದೂ ಹಳ್ಳಿಯ ಆರು, ಏಳನೇ ಕ್ಲಾಸಿನ ಮಕ್ಕಳ ಹೆಸರು, ತಂದೆ ತಾಯಿಯ ಹೆಸರು, ಸಹಿ. ಏಳು ಮುಗಿಸಿ ಬಿಟ್ಟವರ ಪಟ್ಟಿ ಬೇರೆ, ಯಾವ ವರ್ಷ ಬಿಟ್ಟರು ಎಂದು. ಮಕ್ಕಳೇ ಇಲ್ಲ ಎಂದು ಫೈಲು ವಾಪಸ್ ಬರುವುದೇ ಜಾಸ್ತಿ. ಮನವಿ ಕೊಟ್ಟಾಗಲೆಲ್ಲ ಟಪಾಲಿನಲ್ಲಿ ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಯಾವ ಮೇಜಿನಲ್ಲಿ ನಿಂತಿದೆ ಎಂದು ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಬೈಗುಳ ಬರೆಯಬೇಡಿ. ಇಂಥ ತಾರೀಖಿನ ನಮ್ಮ ಮನವಿ ಮೇಲೆ ಏನು ಕ್ರಮ ಆಗಿದೆ, ಕಡತದ ಟಿಪ್ಪಣಿ ಹಾಳೆಯ ನಕಲು ಕೊಡಿ, ಅಷ್ಟೇ.

ಮಾಲೂರಿನವ
ಮೇಷ್ಟ್ರೇ ನೀವು ಯಾವ ಶಾಲೆಯಲ್ಲಿ ಇದ್ದಿರಿ? ನಿಮ್ಮ ಹಾಗೆ ಹೇಳಿಕೊಡುವವರು ನಮ್ಮೂರಿಗೂ ಬೇಕು.

ನಿವೃತ್ತ ಮೇಷ್ಟ್ರು
ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕಡೆ ಬಹಳ ವರ್ಷ, ಆಮೇಲೆ ಕೋಲಾರದ ಕಡೆ. ನೀವು ಎಂಎಲ್‌ಎ ಮನೆ ಮುಂದೆ ಕೂರಿ ಎಂದಿರಲ್ಲ, ಅದೂ ತಪ್ಪಲ್ಲ. ಕೈಯಲ್ಲಿ ಪಟ್ಟಿ, ದೂರದ ಪತ್ರ, ನಡಾವಳಿ ಇಟ್ಟುಕೊಂಡು ಕೂರಬೇಕು. ಬರಿಗೈಯಲ್ಲಿ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ.

ಗೌರಿಬಿದನೂರಿನವಳು
ಕೆರೆಕೋಡಿ ಅಣ್ಣ, ಆ ಎದುರು ಮನೆ ಹುಡುಗಿ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ. ಏನಾಯಿತು ಎಂದು ಬರೆಯಿರಿ, ಕಾಯುತ್ತಿರುತ್ತೇವೆ.

ಕೆರೆಕೋಡಿ
(ಏಳು ತಿಂಗಳ ನಂತರ)
ತಡವಾಯಿತು, ಕ್ಷಮಿಸಿ. ಎಲ್ಲವನ್ನೂ ಬರೆಯುತ್ತೇನೆ.

ಮೊದಲು ಸೈಕಲ್ಲಿಗೆ ಬಟ್ಟೆ ಕಟ್ಟಿದೆವು. ಪಕ್ಕದ ಊರಿನ ಹೆಂಗಸರನ್ನೂ ಕರೆದೆವು, ನಾಲ್ಕು ಜನ ಬಂದರು. ನಮ್ಮ ಲೆಕ್ಕಕ್ಕೆ ಆರು ಮುಕ್ಕಾಲು ಕಿಲೋಮೀಟರ್ ಬಂತು. ಎಂಜಿನಿಯರ್ ಬಂದು ಅಳೆದಾಗ ಆರು ಕಿಲೋಮೀಟರ್ ಎಂಟುನೂರು ಮೀಟರ್. ನಮ್ಮ ಹುಡುಗರ ಖುಷಿ ನೋಡಬೇಕಿತ್ತು. ಮಕ್ಕಳ ಗ್ರಾಮಸಭೆಯಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗ, ನಮ್ಮ ದಾರಿ ಕೆರೆಯೊಳಗೆ ಇದೆ, ನೀವು ಒಂದು ಸಲ ಅದರಲ್ಲಿ ನಡೆದು ಬನ್ನಿ ಎಂದು ಕೇಳಿಬಿಟ್ಟ. ಅಧಿಕಾರಿಗಳು ಅವತ್ತೇ ಕೆರೆ ಏರಿಗೆ ಬಂದು ನಿಂತು ನೋಡಿದರು. ನೀರಿನಲ್ಲಿ ಅರ್ಧ ಮುಳುಗಿದ ಹಳೆಯ ಕರೆಂಟ್ ಕಂಬ ತೋರಿಸಿ, ದಾರಿ ಅದರ ಪಕ್ಕದಲ್ಲೇ ಇತ್ತು ಎಂದೆವು. ಫೋಟೋ ತೆಗೆದುಕೊಂಡು ಹೋದರು.

ಪಟ್ಟಿಯಲ್ಲಿ ಐದು ಹಳ್ಳಿಯಿಂದ 41 ಮಕ್ಕಳು ಆದರು. ಹಳೆಯ ಹಿಂಬರಹ, ಹೊಸ ದೂರದ ಪತ್ರ, ನಡಾವಳಿ ಎಲ್ಲ ಸೇರಿಸಿ ಎಂಟನೇ ತರಗತಿ ಮಾತ್ರ ಕೇಳಿದೆವು. ನಡುವೆ ಒಂದು ಸಲ ಕಡತ ನಿಂತಿತು. ಪಕ್ಕದೂರಿನ ಮುಖಂಡರು ಮತ್ತೆ ಹೇಳಿಸಿದ್ದರು. ಈ ಸಲ ಆ ಊರಿನ ಹೆಂಗಸರೇ ಅವರ ಮನೆಗೆ ಹೋಗಿ, ನಮ್ಮ ಮಕ್ಕಳ ಹೆಸರೂ ಆ ಪಟ್ಟಿಯಲ್ಲಿದೆ ಎಂದು ಕೇಳಿಕೊಂಡರು. ಆಮೇಲೆ ಅವರು ಅಡ್ಡ ಬರಲಿಲ್ಲ. ಶಾಸಕರ ಪತ್ರವೂ ಸಿಕ್ಕಿತು.

ಈ ಜೂನ್‌ನಲ್ಲಿ ಎಂಟನೇ ತರಗತಿ ಶುರುವಾಯಿತು. 23 ಮಕ್ಕಳು. ಎದುರು ಮನೆ ಹುಡುಗಿ ಬಂದಿದ್ದಾಳೆ. ಅವಳ ಅಪ್ಪ ಒಪ್ಪಲು ಮೂರು ದಿನ ಹಿಡಿಯಿತು. ತನಗಿಂತ ಚಿಕ್ಕವರ ಜೊತೆ ಕೂರಬೇಕಲ್ಲ ಎಂದು ಮೊದಲ ವಾರ ಅವಳು ಬಾಗಿಲ ಹತ್ತಿರವೇ ಕೂತಳು, ಈಗ ಮುಂದಿನ ಸಾಲಿಗೆ ಬಂದಿದ್ದಾಳೆ.

ಗೋಮಾಳ ಇನ್ನೂ ಬಗೆಹರಿದಿಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿದ್ದೇವೆ. ರಾಗಿ ಹೊಲದವರು ಮೂಲೆಯ ಒಂದೂವರೆ ಎಕರೆ ಬಿಡುವ ಮಾತಾಡಿದ್ದಾರೆ, ಬರವಣಿಗೆಯಲ್ಲಿ ಕೊಟ್ಟಿಲ್ಲ. ಒಂಬತ್ತನೇ ತರಗತಿಗೆ ಈಗಲೇ ಮನವಿ ಕೊಟ್ಟು ಸೀಲು ಹಾಕಿಸಿದ್ದೇವೆ.

ಒಂದೇ ಕಷ್ಟ. ವಿಜ್ಞಾನ, ಗಣಿತಕ್ಕೆ ಯಾರೂ ಇಲ್ಲ. ಅತಿಥಿ ಶಿಕ್ಷಕರು ಬರುವವರೆಗೆ ಶನಿವಾರ ಬೆಳಗ್ಗೆ ಯಾರಾದರೂ ಬಂದು ಹೇಳಿಕೊಟ್ಟರೆ ಬಹಳ ಉಪಕಾರ. ಮುಖ್ಯಶಿಕ್ಷಕರ ಒಪ್ಪಿಗೆ ಇದೆ.

ಹುಣಸೆತೋಪು
ನಮ್ಮೂರಿನ ಹೆಂಗಸರಿಗೆಲ್ಲ ಇದನ್ನು ಓದಿ ಹೇಳಿದೆ. ಸೈಕಲ್ ವಿಷಯ ಕೇಳಿ ಚಪ್ಪಾಳೆ ಹೊಡೆದರು.

ಸರ್ವೆ ಕಲ್ಲು
ಬಿಡುತ್ತೇನೆ ಎಂದವರ ಮನಸ್ಸು ಬದಲಾಗುವ ಮೊದಲು ಹದ್ದುಬಸ್ತು ಮುಗಿಸಿಕೊಳ್ಳಿ. ಸರ್ವೆಯವರು ಬಂದ ದಿನ ಅಕ್ಕಪಕ್ಕದ ಜಮೀನಿನವರು ಎಲ್ಲರೂ ಹಾಜರಿದ್ದು ಸಹಿ ಹಾಕಬೇಕು, ಮರೆಯಬೇಡಿ.

ಬೆಂಗಳೂರಲ್ಲಿರುವ ಕೋಲಾರದವ
ಗಣಿತ ನಾನು ಮಾಡುತ್ತೇನೆ. ಎರಡು ವಾರಕ್ಕೊಮ್ಮೆ ಊರಿಗೆ ಬರುತ್ತೇನೆ, ಇನ್ನು ಮುಂದೆ ಪ್ರತಿ ಶುಕ್ರವಾರ ರಾತ್ರಿಯೇ ಬರುತ್ತೇನೆ. ಶನಿವಾರ ಎಷ್ಟು ಗಂಟೆಗೆ ಇರಬೇಕು? ಕೋಲಾರ ಬಸ್ ಸ್ಟ್ಯಾಂಡಿನಿಂದ ನಿಮ್ಮ ಕಡೆಗೆ ಮೊದಲ ಬಸ್ ಎಷ್ಟು ಹೊತ್ತಿಗೆ?

ಕೆರೆಕೋಡಿ
ಏಳೂಮುಕ್ಕಾಲಿಗೆ ಶಾಲೆ. ಆ ಹೊತ್ತಿಗೆ ಬಸ್ ಇಲ್ಲ. ಹೋಬಳಿವರೆಗೆ ಬನ್ನಿ, ನಾನು ಗಾಡಿ ತರುತ್ತೇನೆ.